ದನ, ಕಾಲೇಜು, ಸಮಾಧಾನ

ಮಗಳು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ ಎಂದಾಗ ಕೈ ಕುಲುಕಿ ಅಭಿನಂದಿಸಿದವರೆಲ್ಲ, ಕಾಲೇಜಿನ ಹೆಸರು ಕೇಳಿದ ಮೇಲೆ ಹೆಗಲು ತಟ್ಟಿ ಧೈರ್ಯ ಹೇಳಿ ಹೋದರು.

"ಕಾರ್ಲ್‌ಟನ್ ಕಾಲೇಜು, ಮಿನ್ನೆಸೋಟ" ಎನ್ನುತ್ತಿದ್ದೆ. "ಅದು ಯಾವ ಯೂನಿವರ್ಸಿಟಿಗೆ ಸೇರಿದ್ದು?" ಎಂದು ಕೇಳುತ್ತಿದ್ದರು. ಯಾವುದಕ್ಕೂ ಸೇರಿದ್ದಲ್ಲ, ಕಾಲೇಜು ತಾನೇ ಡಿಗ್ರಿ ಕೊಡುತ್ತದೆ ಎಂದರೆ ಎದುರಿನವರ ಹುಬ್ಬು ಸಣ್ಣಗೆ ಮೇಲೇರುತ್ತಿತ್ತು. ನಾವೆಲ್ಲ ಮೈಸೂರೋ ಕರ್ನಾಟಕವೋ ಕುವೆಂಪುವೋ, ಯಾವುದೋ ಒಂದು ವಿಶ್ವವಿದ್ಯಾಲಯದ ಸೆರಗು ಹಿಡಿದ ಕಾಲೇಜುಗಳಲ್ಲಿ ಓದಿದವರು. ಮೇಲೊಂದು ವಿಶ್ವವಿದ್ಯಾಲಯವಿಲ್ಲದೆ ಕಾಲೇಜೊಂದು ತನ್ನಷ್ಟಕ್ಕೆ ನಿಂತಿದೆ ಎಂದರೆ ಪ್ರಶ್ನೆಪತ್ರಿಕೆ ಯಾರು ತೆಗೆಯುತ್ತಾರೆ, ಮಾರ್ಕ್ಸ್ ಕಾರ್ಡಿಗೆ ಸೀಲು ಯಾರು ಹಾಕುತ್ತಾರೆ ಎಂಬ ಚಿಂತೆ ಸಹಜ. ನನಗೂ ಇತ್ತು.

"ಎಷ್ಟು ಜನ ಓದ್ತಾರೆ?"

"ಸುಮಾರು ಎರಡು ಸಾವಿರ."

"ಒಂದು ಡಿಪಾರ್ಟ್‌ಮೆಂಟಿನಲ್ಲಾ?"

"ಅಲ್ಲ, ಒಟ್ಟು."

ಇಲ್ಲಿಗೆ ಮಾತು ನಿಂತು ಕಾಫಿ ಬರುತ್ತಿತ್ತು. ಹೆಚ್ಚು ಪ್ರೀತಿಯುಳ್ಳವರು ಮಾತ್ರ ಮುಂದುವರಿಸಿ, "ಆರ್ಟ್ಸ್ ತಗೊಂಡ್ಲಂತೆ? ಪಿಯುಸಿ ಸೈನ್ಸಿನಲ್ಲಿ ಚೆನ್ನಾಗೇ ಬಂದಿತ್ತಲ್ಲ ಮಗು" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಲಿಬರಲ್ ಆರ್ಟ್ಸ್ ಕಾಲೇಜೆಂದರೆ ಅಲ್ಲಿ ಭೌತಶಾಸ್ತ್ರವೂ ಇರುತ್ತದೆ, ಕಂಪ್ಯೂಟರೂ ಇರುತ್ತದೆ, ಅದರ ಪಕ್ಕದಲ್ಲೇ ತತ್ವಶಾಸ್ತ್ರವೂ ಪಿಯಾನೋವೂ ಇರುತ್ತವೆ, ಯಾವುದನ್ನು ಹಿಡಿಯುತ್ತೇನೆಂದು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಹೇಳಿದರೆ ಸಾಕು ಎಂದು ವಿವರಿಸುತ್ತಿದ್ದೆ. ಹದಿನೇಳು ವರ್ಷದ ಮಕ್ಕಳನ್ನು ಸಿಇಟಿ ಕೌನ್ಸೆಲಿಂಗಿನ ಮುಂದೆ ಕೂರಿಸಿ ಇಡೀ ಆಯುಷ್ಯದ ಆಪ್ಷನ್ ಎಂಟ್ರಿ ಮಾಡಿಸುವ ನಮಗೆ ಇದು ಉಡಾಫೆಯಂತೆ ಕೇಳಿಸಿದರೆ ಅಚ್ಚರಿಯೇನು?

ಜಯನಗರದ ಭಾವನವರ ಮಗ ಅಮೆರಿಕದ ದೊಡ್ಡದೊಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿ ವಿದ್ಯಾರ್ಥಿಗಳೇ ಐವತ್ತು ಸಾವಿರದ ಹತ್ತಿರ. ಫುಟ್ಬಾಲ್ ಸ್ಟೇಡಿಯಮ್ಮಿನಲ್ಲಿ ಲಕ್ಷ ಜನ ಕೂರುತ್ತಾರೆ. ಘಟಿಕೋತ್ಸವ ಅದೇ ಸ್ಟೇಡಿಯಮ್ಮಿನಲ್ಲಿ ನಡೆದಾಗ ಭಾವ ಮಗನನ್ನು ಹುಡುಕಿ ಹುಡುಕಿ ಸೋತು, ಕೊನೆಗೆ ಪರದೆಯ ಮೇಲೆ ಕಂಡ ಯಾರದೋ ಮಗನಿಗೆ ಎದ್ದು ನಿಂತು ಕೈ ಬೀಸಿದರೆಂದು ಅಕ್ಕ ಹೇಳುತ್ತಾಳೆ. ಅದರಿಂದ ಭಾವನವರ ನಿಲುವೇನೂ ಸಡಿಲವಾಗಿಲ್ಲ. "ಎರಡು ಸಾವಿರ ಜನ ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರಲ್ಲೋ. ಅದಕ್ಕೋಸ್ಕರ ಅಮೆರಿಕಕ್ಕೆ ಯಾಕೆ ಹೋಗಬೇಕು?" ಎಂದರು.

ಅವರನ್ನು ಒಲಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಒಂದೇ ತುರುಫು. ನಮ್ಮ ಎ.ಕೆ. ರಾಮಾನುಜನ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಕಾಲದಲ್ಲಿ ಕಾರ್ಲ್‌ಟನ್ನಿಗೂ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿ ಪಾಠ ಮಾಡಿದ್ದರು. 'ಹೊಕ್ಕುಳಲ್ಲಿ ಹೂವಿಲ್ಲ' ಬರೆದ, ಮೈಸೂರಿನಲ್ಲಿ ಹುಟ್ಟಿದ, ವಚನಗಳನ್ನು ಇಂಗ್ಲಿಷಿನ ಮನೆಮನೆಗೆ ಮುಟ್ಟಿಸಿದ ಕವಿ ಆ ಹಿಮದ ಊರಿನಲ್ಲಿ ಓಡಾಡಿದ್ದರೆಂಬ ಸಂಗತಿ ನನ್ನ ಮಟ್ಟಿಗಂತೂ ಯಾವ ರ್‍ಯಾಂಕಿಂಗಿಗಿಂತ ಕಡಿಮೆಯದಲ್ಲ. "ಭಾವ, ಅಲ್ಲಿ ರಾಮಾನುಜನ್ ಪಾಠ ಮಾಡಿದ್ರು" ಎಂದೆ. ಭಾವ ಕುರ್ಚಿಯಲ್ಲಿ ನೆಟ್ಟಗಾದರು. "ಹೌದಾ! ಅದನ್ನ ಮೊದಲೇ ಹೇಳಬಾರದಾ! ಮ್ಯಾಥಮ್ಯಾಟಿಕ್ಸ್ ಡಿಪಾರ್ಟ್‌ಮೆಂಟು ಭದ್ರವಾಗಿದೆ ಅಂತಾಯ್ತು."

ನಾನು ತಿದ್ದಲು ಹೋಗಲಿಲ್ಲ. ಈಗಲೂ ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ ಕಾರ್ಲ್‌ಟನ್ ಕಾಲೇಜಿಗೆ ಇರುವ ಮರ್ಯಾದೆ ಆ ಗಣಿತಜ್ಞನ ಕೊಡುಗೆ.

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳಿಗೂ ಅಂಥದೇ ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಸೈನ್ಸಿಗೆ ಸೀಟು ಬಂದಿತ್ತು. ಎರಡೂ ಕಡೆಗೂ ಅವಳು ಪ್ರಶ್ನೆಗಳನ್ನು ಕಳಿಸಿದ್ದಳು: ಹಾಸ್ಟೆಲ್ಲಿನಲ್ಲಿ ಅನ್ನ ಮಾಡಿಕೊಳ್ಳಬಹುದೇ, ಗಣಿತದ ಜೊತೆಗೆ ಭಾಷಾಶಾಸ್ತ್ರ ಓದಬಹುದೇ, ಇಂಥವು. ದೊಡ್ಡ ಕಡೆಯಿಂದ, ಈ ಮೇಲ್‌ಗೆ ಉತ್ತರಿಸಬೇಡಿ ಎಂಬ ಸೂಚನೆಯಿದ್ದ ಮೇಲ್ ಬಂತು. ಚಿಕ್ಕ ಕಡೆಯಿಂದ ಯಾರೋ ಎರಡನೆಯ ವರ್ಷದ ಹುಡುಗಿ, ಅಕ್ಕಿ ಎಲ್ಲಿ ಸಿಗುತ್ತದೆ ಎನ್ನುವುದರಿಂದ ಹಿಡಿದು ಜನವರಿಯಲ್ಲಿ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವುದರವರೆಗೆ ಎರಡು ಪುಟ ಬರೆದಿದ್ದಳು. ಮೂಗಿನ ಸಂಗತಿ ಓದಿ ನನ್ನ ಹೆಂಡತಿ ಊರನ್ನೇ ರದ್ದು ಮಾಡಿದಳು. ಮಗಳು ಅದನ್ನೇ ಓದಿ ಮನಸ್ಸು ಗಟ್ಟಿ ಮಾಡಿಕೊಂಡಳು.

"ಅಪ್ಪ, ಪಿಯುಸಿಯಲ್ಲಿ ಎರಡು ವರ್ಷ ಕೂತೆ. ಒಬ್ಬ ಲೆಕ್ಚರರೂ ನನ್ನ ಹೆಸರು ಹಿಡಿದು ಕರೆದಿಲ್ಲ. ಅಟೆಂಡೆನ್ಸ್‌ನಲ್ಲೂ ನಂಬರು. ಇನ್ನು ನಾಲ್ಕು ವರ್ಷ ನಂಬರಾಗಿರೋಕೆ ಅಷ್ಟು ದೂರ ಹೋಗಬೇಕಾ?" ಎಂದಳು.

ಹೆಸರೇ ಗೊತ್ತಿಲ್ಲದ ಕಡೆಯಿಂದ ಶಿಫಾರಸು ಪತ್ರ ತರಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಅಮೆರಿಕದ ಅರ್ಜಿಯಲ್ಲಿ ಅಧ್ಯಾಪಕರಿಗೊಂದು ನಮೂನೆ ಇರುತ್ತದೆ. ಈ ಹುಡುಗಿಯ ಕುತೂಹಲ ಎಂಥದು, ಸೋಲನ್ನು ಹೇಗೆ ತೆಗೆದುಕೊಳ್ಳುತ್ತಾಳೆ, ನಿಮ್ಮ ಇಡೀ ವೃತ್ತಿಜೀವನದಲ್ಲಿ ಕಂಡ ಅತ್ಯುತ್ತಮ ಕೆಲವರಲ್ಲಿ ಒಬ್ಬಳೇ ಎಂದೆಲ್ಲ ಅಳೆದು ಗುರುತು ಹಾಕಬೇಕು. ಪ್ರಾಂಶುಪಾಲರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಗುಮಾಸ್ತರನ್ನು ಕರೆದು, ಬಹುಕಾಲದಿಂದ ಅಚ್ಚು ಹಾಕಿಸಿಟ್ಟಿದ್ದ ಹಾಳೆಯೊಂದರ ಮೇಲೆ ಹೆಸರು ತುಂಬಿಸಿಕೊಟ್ಟರು: ನಡತೆ ತೃಪ್ತಿಕರ. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಕೊನೆಗೆ ಕೈಹಿಡಿದವರು ಲ್ಯಾಬಿನಲ್ಲಿ ಅವಳೊಡನೆ ಒಂದು ಪ್ರಯೋಗದ ವಿಚಾರವಾಗಿ ಜಗಳವಾಡಿದ್ದ ಭೌತಶಾಸ್ತ್ರದ ಮೇಡಮ್ಮು. ಆ ಜಗಳವನ್ನೇ ಅವರು ಒಂದೂವರೆ ಪುಟ ಬರೆದರಂತೆ. ಸೀಟು ಸಿಕ್ಕಿದ್ದು ಅದರಿಂದಲೇ ಎಂದು ನನ್ನ ಗುಮಾನಿ.

ಇನ್ನು ದುಡ್ಡಿನ ವಿಷಯ. ಆ ಕಾಲೇಜಿನ ವರ್ಷದ ಒಟ್ಟು ಖರ್ಚು 80 ಸಾವಿರ ಡಾಲರು ಮೀರುತ್ತದೆ. ನಾನು ಸರ್ಕಾರಿ ಬ್ಯಾಂಕೊಂದರ ಅಧಿಕಾರಿ. ಆ ಮೊತ್ತವನ್ನು ರೂಪಾಯಿಗೆ ತಿರುಗಿಸಿದ ಸಂಜೆ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಆದರೆ ಇಂಥ ಕೆಲವು ಚಿಕ್ಕ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ಹೊರದೇಶದ ಮಕ್ಕಳನ್ನು ತೆಗೆದುಕೊಳ್ಳುವಾಗ ಅಪ್ಪನ ಜೇಬನ್ನೂ ನೋಡುತ್ತಾರೆ, ನೆರವಿನ ಗಂಟು ಚಿಕ್ಕದಾದ್ದರಿಂದ ಬಹಳ ಮಕ್ಕಳಿಗೆ ಇಲ್ಲವೆನ್ನುತ್ತಾರೆ. ಒಮ್ಮೆ ತೆಗೆದುಕೊಂಡರೆ ಮಾತ್ರ ಅಪ್ಪ ಕೊಡಬಲ್ಲದ್ದಕ್ಕೂ ಖರ್ಚಿಗೂ ನಡುವಿನ ಕಂದಕವನ್ನು ಕಾಲೇಜೇ ತುಂಬುತ್ತದೆ. ಅಪ್ಪ ಎಷ್ಟು ಕೊಡಬಲ್ಲ ಎಂದು ತೀರ್ಮಾನಿಸುವುದು ಅಪ್ಪನಲ್ಲ. ಅದಕ್ಕೊಂದು ಬೃಹತ್ ನಮೂನೆ ಇದೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಜನರಿಂದ ನಮೂನೆ ತುಂಬಿಸಿದವನಿಗೆ ದೇವರು ಒಂದೇ ನಮೂನೆಯಲ್ಲಿ ಲೆಕ್ಕ ಚುಕ್ತಾ ಮಾಡಿದ. ಸಂಬಳ, ಸಾಲ, ಮನೆ, ಕಾರು ಎಲ್ಲ ಸಲೀಸಾಗಿ ಹೋಯಿತು. ಕೃಷಿ ಜಮೀನು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಸಾಗರದ ಹತ್ತಿರ ನಮ್ಮದೊಂದು ಅಡಿಕೆ ತೋಟ ಇದೆ. ನಮ್ಮದು ಎಂದರೆ ಅಣ್ಣನದು, ನನ್ನದು, ತಮ್ಮನದು, ಪಾಲಾಗಿಲ್ಲ. ಪಹಣಿಯಲ್ಲಿ ಈಗಲೂ ಅಪ್ಪನ ಹೆಸರೇ. ಪೌತಿ ಖಾತೆ ಮಾಡಿಸಬೇಕು ಎಂದು ಪ್ರತಿ ದೀಪಾವಳಿಗೆ ಮೂವರೂ ಒಪ್ಪುತ್ತೇವೆ. ದೀಪಾವಳಿ ಮುಗಿಯುತ್ತದೆ. ಈ ತೋಟದ ಬೆಲೆಯೆಷ್ಟು ಎಂದು ನಮೂನೆ ಕೇಳುತ್ತದೆ. ಯಾವ ವರ್ಷದ ಬೆಲೆ? ರಾಶಿಗೋ ಬೆಟ್ಟೆಗೋ ಸರಕಿಗೋ? ಕೊಳೆರೋಗ ಬಂದ ವರ್ಷದ್ದೋ, ಎಲೆಚುಕ್ಕಿ ರೋಗ ಶುರುವಾದ ಮೇಲಿನದೋ? ವಿಶೇಷ ಪರಿಸ್ಥಿತಿಯೇನಾದರೂ ಇದ್ದರೆ ಬರೆಯಿರಿ ಎಂದು ಕೊನೆಯಲ್ಲಿ ಒಂದು ಪುಟ್ಟ ಚೌಕ ಕೊಟ್ಟಿದ್ದರು. ಮಲೆನಾಡಿನ ಅಡಿಕೆ ಬೆಳೆಗಾರರ ಸಂಕಷ್ಟವನ್ನು, ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಸಿಗದಿರುವುದನ್ನು, ನಮ್ಮ ಅಣ್ಣತಮ್ಮಂದಿರ ಸೌಹಾರ್ದವನ್ನು ಆ ಚೌಕದಲ್ಲಿ ಅಡಕಿದೆ. ಜಾಗ ಸಾಲದೆ ಸೌಹಾರ್ದವನ್ನು ತೆಗೆಯಬೇಕಾಯಿತು.

ವಾರ ಕಳೆದು ಸ್ಪಷ್ಟೀಕರಣ ಕೇಳಿ ಮೇಲ್ ಬಂತು. ದಾಖಲೆಯಲ್ಲಿ ಹೆಸರಿರುವ ಜಮೀನಿನ ಒಡೆಯರ ಸದ್ಯದ ವಾರ್ಷಿಕ ಆದಾಯವೆಷ್ಟು? ಒಡೆಯರು 1998ರಲ್ಲೇ ತೀರಿಹೋದರು ಎಂದು ಉತ್ತರಿಸಿದೆ. ಮರುದಿನವೇ ಅಲ್ಲಿಯ ಹೆಣ್ಣುಮಗಳೊಬ್ಬರಿಂದ ಪತ್ರ: ನಿಮ್ಮ ತಂದೆಯವರ ಅಗಲಿಕೆಗೆ ನಮ್ಮ ಹೃತ್ಪೂರ್ವಕ ಸಂತಾಪಗಳು. ಇಷ್ಟು ವರ್ಷಗಳಾದ ಮೇಲೆ ಸಪ್ತಸಾಗರದಾಚೆಯಿಂದ ಅಪ್ಪನಿಗೆ ಸಂತಾಪ ಬಂದದ್ದು ಕಂಡು ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ತಾಲ್ಲೂಕು ಕಚೇರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲವಲ್ಲ.

ದುಡ್ಡು ಕೇಳುವ ಮುನ್ನ ಕೊಡುವವರ ಪೂರ್ವೋತ್ತರ ವಿಚಾರಿಸುವುದು ವೃತ್ತಿಧರ್ಮ. ವಿಚಾರಿಸಿದೆ. 1866ರಲ್ಲಿ ಕಾಂಗ್ರಿಗೇಷನಲ್ ಪಂಗಡದ ಕ್ರೈಸ್ತರು ಕಟ್ಟಿದ ಈ ಕಾಲೇಜಿಗೆ ಮೊದಲಿದ್ದ ಹೆಸರು ನಾರ್ತ್‌ಫೀಲ್ಡ್ ಕಾಲೇಜು. ಅದರ ಮೊದಲ ಅಧ್ಯಕ್ಷ ಜೇಮ್ಸ್ ಸ್ಟ್ರಾಂಗ್ ಚಂದಾ ಎತ್ತಲು ಪೂರ್ವದ ರಾಜ್ಯಗಳನ್ನು ಸುತ್ತುತ್ತಿದ್ದಾಗ ಅವರ ಗಾಡಿಗೆ ರೈಲು ಬಡಿಯಿತು. ಅಂಥ ಅಪಘಾತದಲ್ಲೂ ಬದುಕಿದರು. ಅದಕ್ಕೆ ತುಸು ಮೊದಲು ಅವರು ದೇಣಿಗೆ ಕೇಳಿದ್ದ ವಿಲಿಯಂ ಕಾರ್ಲ್‌ಟನ್ ಎಂಬ ಮಸಾಚುಸೆಟ್ಸ್‌ನ ಉದ್ಯಮಿ, ದೇವರು ಈತನನ್ನು ಯಾವುದೋ ಕಾರಣಕ್ಕೇ ಉಳಿಸಿದ್ದಾನೆ ಎಂದುಕೊಂಡು, ಯಾವ ಷರತ್ತೂ ಹಾಕದೆ 50 ಸಾವಿರ ಡಾಲರು ಕೊಟ್ಟ. ಕಾಲೇಜು ಅವನ ಹೆಸರು ಇಟ್ಟುಕೊಂಡಿತು. ಬ್ಯಾಂಕಿನವನಾಗಿ ನಾನು ಬಗೆಬಗೆಯ ಜಾಮೀನು ಕಂಡಿದ್ದೇನೆ. ರೈಲು ಅಪಘಾತವನ್ನು ಜಾಮೀನಾಗಿ ಒಪ್ಪಿಕೊಂಡವರನ್ನು ಕಂಡಿರಲಿಲ್ಲ.

ಇದು ಆಶಾದಾಯಕವಾಗಿತ್ತು. ಮುಂದಿನ ಕಥೆ ಎದೆ ನಡುಗಿಸಿತು. 1876ರ ಸೆಪ್ಟೆಂಬರ್ 7ರಂದು ಜೆಸ್ಸಿ ಜೇಮ್ಸನ ಕುಖ್ಯಾತ ಡಕಾಯಿತರ ತಂಡ ನಾರ್ತ್‌ಫೀಲ್ಡಿನ ಫಸ್ಟ್ ನ್ಯಾಷನಲ್ ಬ್ಯಾಂಕಿಗೆ ನುಗ್ಗಿತು. ಆ ದಿನ ಕ್ಯಾಷಿಯರನ ಜಾಗದಲ್ಲಿ ಕೂತಿದ್ದವನು ಜೋಸೆಫ್ ಲೀ ಹೇವುಡ್. ತಿಜೋರಿ ತೆಗೆ ಎಂದರು. ಅದಕ್ಕೆ ಟೈಮ್ ಲಾಕ್ ಇದೆ, ತೆಗೆಯಲಾಗದು ಎಂದ. ಹೊಡೆದರು, ಬೆದರಿಸಿದರು, ಅವನು ಜಗ್ಗಲಿಲ್ಲ. ಹೊರಗೆ ಊರಿನವರು ಸಿಕ್ಕ ಸಿಕ್ಕ ಬಂದೂಕು, ಕಲ್ಲು ಹಿಡಿದು ಡಕಾಯಿತರ ಮೇಲೆ ಬಿದ್ದರು. ಇಬ್ಬರು ಡಕಾಯಿತರು ಬೀದಿಯಲ್ಲೇ ಸತ್ತರು, ಉಳಿದವರು ಓಡಿದರು. ಓಡುವ ಮುನ್ನ ಹೇವುಡ್‌ನನ್ನು ಕೊಂದರು. ಅವರಿಗೆ ದಕ್ಕಿದ್ದು 30 ಡಾಲರಿಗೂ ಕಡಿಮೆ. ಈ ಹೇವುಡ್ ಕಾರ್ಲ್‌ಟನ್ ಕಾಲೇಜಿನ ಖಜಾಂಚಿಯೂ ಆಗಿದ್ದ. ನಮ್ಮ ಬ್ಯಾಂಕಿನಲ್ಲಾದರೆ ತಿಜೋರಿಗೆ ಎರಡು ಕೀಲಿ. ಒಂದು ನನ್ನ ಹತ್ತಿರ, ಇನ್ನೊಂದು ಮ್ಯಾನೇಜರರ ಹತ್ತಿರ, ಮ್ಯಾನೇಜರರು ಸಾಮಾನ್ಯವಾಗಿ ರಜೆಯ ಮೇಲೆ. ಪ್ರಾಣ ಕೊಡುವ ಸಂದರ್ಭ ಒದಗುವುದೇ ಇಲ್ಲ. ಹಣೆಗೆ ಪಿಸ್ತೂಲಿಟ್ಟರೂ ತಿಜೋರಿ ತೆಗೆಯದ ಪರಂಪರೆಯ ಖಜಾನೆಯ ಮುಂದೆ ಕೊಳೆರೋಗದ ಕಥೆ ಹೇಳಿಕೊಂಡು ಸ್ಕಾಲರ್‌ಶಿಪ್ಪಿಗೆ ಕೈಯೊಡ್ಡಿದ್ದೇನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ತಿಜೋರಿ ತೆರೆಯಿತು. ಮಾರ್ಚ್ ಕೊನೆಗೆ ಬಂದ ಪತ್ರದಲ್ಲಿ ಖರ್ಚಿನ ಬಹುಪಾಲು ಕಾಲೇಜಿನದೆಂದಿತ್ತು. ಉಳಿದದ್ದು ನನ್ನ ಪ್ರಾವಿಡೆಂಟ್ ಫಂಡಿನ ಅಳತೆಗೆ ಹೊಲಿಸಿದ ಹಾಗೆ ಇತ್ತು. ಕೊಳೆರೋಗದಿಂದ ನಮ್ಮ ಮನೆತನಕ್ಕೆ ಆದ ಏಕೈಕ ಲಾಭ ಎಂದು ಅಣ್ಣ ಇದನ್ನು ಈಗಲೂ ಎಣಿಸುತ್ತಾನೆ.

ದುಡ್ಡು ಸರಿಹೋದ ಮೇಲೆ ನನ್ನೊಳಗಿನ ನಿಜವಾದ ತಕರಾರು ಎದ್ದು ಕೂತಿತು. ಇಪ್ಪತ್ತು ಸಾವಿರ ಜನರ ಊರು. ಮಧ್ಯೆ ಒಂದು ಸಣ್ಣ ಹೊಳೆ, ಕ್ಯಾನನ್ ನದಿ. ಇಷ್ಟು ಊರಿಗೆ ಎರಡು ಕಾಲೇಜು. ಹೊಳೆಯಾಚೆಯದನ್ನು, ಸೇಂಟ್ ಓಲಾಫ್ ಎಂಬುದನ್ನು, ನಾರ್ವೆಯಿಂದ ವಲಸೆ ಬಂದ ರೈತರು 1874ರಲ್ಲಿ ಹುಟ್ಟುಹಾಕಿದ್ದು. ಊರಾಚೆ ಹಸು, ಜೋಳ. ಅದನ್ನೇ ಹೆಮ್ಮೆಯಾಗಿಸಿಕೊಂಡು, ದನ, ಕಾಲೇಜು, ಸಮಾಧಾನ ಎಂದು ಊರಿನವರು ತಮ್ಮ ಘೋಷವಾಕ್ಯ ಮಾಡಿಕೊಂಡಿದ್ದಾರೆ. ಬೆಳಗಿನ ಉಪಾಹಾರದ ಧಾನ್ಯ ಹುರಿಯುವ ಕಾರ್ಖಾನೆಯೊಂದು ಅಲ್ಲಿದೆ. ಗಾಳಿ ಬೀಸಿದ ದಿನ ಊರಿಗೆ ಊರೇ ಅದರ ವಾಸನೆಯಲ್ಲಿ ಏಳುತ್ತದಂತೆ, ಸುಗ್ಗಿಯಲ್ಲಿ ನಮ್ಮೂರು ಅಡಿಕೆ ಬೇಯಿಸುವ ವಾಸನೆಯಲ್ಲಿ ಏಳುವ ಹಾಗೆ.

ನಾನು ಹುಟ್ಟಿ ಬೆಳೆದು ಬಿಟ್ಟು ಬಂದದ್ದು ಇಂಥದೇ ಊರನ್ನು. ಸಾಗರದ ಕಾಲೇಜಿಗೆ ಚಕ್ಕರ್ ಹೊಡೆದು ಮ್ಯಾಟಿನಿ ನೋಡಿದರೆ, ಸಂಜೆ ಬಸ್ಸಿಳಿಯುವ ಮೊದಲೇ ಚಿತ್ರದ ಹೆಸರು ಸಮೇತ ಸುದ್ದಿ ಜಗಲಿಗೆ ತಲುಪಿರುತ್ತಿತ್ತು. ಕಂಡಕ್ಟರನಿಗೆ ನನ್ನ ಇಂಗ್ಲಿಷ್ ಮಾರ್ಕ್ಸ್ ಗೊತ್ತಿತ್ತು. ಕ್ಷೌರದಂಗಡಿಯವನು ನನ್ನ ಮದುವೆಯ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿದ್ದ. ಯಾರಿಗೂ ನನ್ನ ಹೆಸರು ಗೊತ್ತಿಲ್ಲದ ಒಂದು ಜಾಗ ಲೋಕದಲ್ಲಿ ಇದ್ದರೆ ಸಾಕು, ಅಲ್ಲಿ ಬಾಡಿಗೆಗಾದರೂ ಇರುತ್ತೇನೆ ಎಂದು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದ್ದೆ. ಸಿಕ್ಕಿತು ಕೂಡ. ಹದಿನಾಲ್ಕನೆಯ ಮಹಡಿಯಲ್ಲಿ ನಮ್ಮ ಎದುರು ಮನೆಯವರ ಹೆಸರು ನನಗೆ ತಿಳಿದದ್ದು ಅವರ ಪಾರ್ಸೆಲ್ಲು ತಪ್ಪಿ ನಮ್ಮಲ್ಲಿಗೆ ಬಂದಾಗ. ಇಷ್ಟು ಕಷ್ಟಪಟ್ಟು ಗಳಿಸಿದ ಅನಾಮಿಕತೆಯನ್ನು ಮಗಳಿಗೆ ಆಸ್ತಿಯಾಗಿ ಬಿಟ್ಟುಹೋಗೋಣ ಎಂದರೆ, ಅವಳು ಭೂಮಿ ಸುತ್ತಿ ಹೋಗಿ ಇನ್ನೊಂದು ಸಾಗರವನ್ನು ಹುಡುಕಿಕೊಂಡಿದ್ದಾಳೆ. ಅದೂ ಅಡಿಕೆಯಿಲ್ಲದ, ಮೈನಸ್ ಮೂವತ್ತು ಡಿಗ್ರಿಯ ಸಾಗರ.

ಇದನ್ನು ಹೇಳಿದೆ. ಅವಳು ನನ್ನ ಬತ್ತಳಿಕೆಯ ಬಾಣವನ್ನೇ ನನಗೆ ಹೂಡಿದಳು. "ಹೆಗ್ಗೋಡು ಎಷ್ಟು ದೊಡ್ಡ ಊರು ಅಪ್ಪ?" ಎಂದಳು. ಹೆಗ್ಗೋಡಿನಲ್ಲಿ ಕಂಬಳಿ ಹೊದ್ದು ನಾಟಕ ನೋಡಿದ್ದು, ಅಡಿಕೆ ಸುಲಿಯುವವರು ಕುರೊಸಾವಾನ ಸಿನಿಮಾ ನೋಡಿ ವಾದ ಮಾಡಿದ್ದು, 1949ರಲ್ಲಿ ಹುಟ್ಟಿದ ಒಂದು ಹಳ್ಳಿಯ ಸಂಘವನ್ನು ಕೆ.ವಿ. ಸುಬ್ಬಣ್ಣ ಬೆಳೆಸಿದ ಬಗೆ, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂದಾಗ ಊರಿಗೆ ಆದ ಸಂಭ್ರಮ, ಇವನ್ನೆಲ್ಲ ಅವಳ ಬಾಲ್ಯಪೂರ್ತಿ ಊಟದ ಹೊತ್ತಿಗೆ ಹೇಳಿ ತಲೆ ತಿಂದವನು ನಾನೇ. ಸ್ವಂತ ಮಕ್ಕಳ ಎದುರು ಬಾಯಿ ಬಿಡುವಾಗ ಎಚ್ಚರವಿರಬೇಕು. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ.

ಮನೆಯ ಹೆಂಗಸರು ನನಗಿಂತ ಬೇಗ ಪಕ್ಷ ಬದಲಿಸಿದ್ದರು. ಕಾರ್ಲ್‌ಟನ್ನಿನಲ್ಲಿ ಶುಕ್ರವಾರ ಗೆಳೆಯರ ಅಂಚೆಪೆಟ್ಟಿಗೆಯಲ್ಲಿ ಹೂವಿಟ್ಟು ಹೋಗುವ ರೂಢಿ ಇದೆ. ಶುಕ್ರವಾರ, ಹೂವು ಎಂಬೆರಡು ಮಾತು ಕಿವಿಗೆ ಬಿದ್ದದ್ದೇ ನನ್ನ ಹೆಂಡತಿ ಮೂಗಿನ ಕೂದಲನ್ನು ಮರೆತಳು. ಡೇಸಿ ಮೋಸಸ್ ಎಂಬ ಅಜ್ಜಿ, ಕಾಲೇಜಿನಲ್ಲೇ ಕೆಲಸ ಮಾಡುತ್ತಿದ್ದವರು, ತಮ್ಮ ಮನೆಯನ್ನು ಕಾಲೇಜಿಗೆ ಬಿಟ್ಟುಹೋಗಿದ್ದಾರೆ. ಹಿಟ್ಟು, ಬೆಣ್ಣೆ, ಸಕ್ಕರೆ ಅಲ್ಲಿ ಸದಾ ಇರುತ್ತವೆ. ಯಾವ ವಿದ್ಯಾರ್ಥಿ ಬೇಕಾದರೂ ಹೋಗಿ ಕುಕ್ಕಿ ಬೇಯಿಸಬಹುದು. ಮಾಡಿದ್ದನ್ನು ಹಂಚಿ ತಿನ್ನಬೇಕು, ಪಾತ್ರೆ ತೊಳೆದಿಡಬೇಕು. "ನಮ್ಮ ಮನೆಯಲ್ಲಿ ಒಂದು ಲೋಟ ತೊಳೆದವಳಲ್ಲ" ಎಂದು ಅವಳಮ್ಮ ಕಾಲೇಜಿನ ಶೈಕ್ಷಣಿಕ ಮಟ್ಟವನ್ನು ಮೊದಲ ಬಾರಿಗೆ ಒಪ್ಪಿಕೊಂಡಳು.

ನನ್ನ ಅಮ್ಮನ ಚಿಂತೆ ಬೇರೆ. "ಅಲ್ಲಿ ದೇವರು ದಿಂಡರು ಏನಾದರೂ ಇದ್ದಾರಾ?" ಎಂದು ಊರಿನಿಂದ ಫೋನು ಮಾಡಿದಳು. ಇದ್ದಾರೆ ಎಂದೆ, ಒಂದು ಬಗೆಯಲ್ಲಿ. ಒಂದು ಕಾಲಕ್ಕೆ ಅಲ್ಲಿ ವಿದ್ಯಾರ್ಥಿಗಳು ಕಡ್ಡಾಯವಾಗಿ ಪ್ರಾರ್ಥನೆಗೆ ಹಾಜರಾಗಬೇಕಿತ್ತು. ಅದನ್ನು ತಪ್ಪಿಸಿಕೊಳ್ಳಲು 1963ರಲ್ಲಿ ಕೆಲವು ಹುಡುಗರು ತಮ್ಮದೇ ಒಂದು ಧರ್ಮ ಹುಟ್ಟಿಸಿಕೊಂಡರು. ಪುರಾತನ ಯುರೋಪಿನ ಡ್ರೂಯಿಡರ ಹೆಸರಿನಲ್ಲಿ ಗುಡ್ಡ ಹತ್ತಿ ಪ್ರಕೃತಿಯನ್ನು ಪೂಜಿಸುವುದು, ಅದನ್ನೇ ಹಾಜರಿಗೆ ಲೆಕ್ಕ ಹಿಡಿಯಿರಿ ಎಂದು ಹಟ ಹಿಡಿಯುವುದು. ಮರುವರ್ಷ ಕಾಲೇಜು ಆ ಕಡ್ಡಾಯವನ್ನೇ ಕೈಬಿಟ್ಟಿತು. ತಮಾಷೆಯೆಂದರೆ, ಉದ್ದೇಶ ಈಡೇರಿದ ಮೇಲೂ ಧರ್ಮ ಮುಚ್ಚಲಿಲ್ಲ. ಕೆಲವರಿಗೆ ನಿಜಕ್ಕೂ ಭಕ್ತಿ ಬಂದುಬಿಟ್ಟಿತ್ತು. ಅಮ್ಮ ಎಲ್ಲವನ್ನೂ ಕೇಳಿ, "ಮರಕ್ಕೆ ಕೈಮುಗೀತಾರೆ ಅಂದ್ಮೇಲೆ ಅಡ್ಡಿಯಿಲ್ಲ. ನಮ್ಮಲ್ಲೂ ಅಶ್ವತ್ಥ ಸುತ್ತಲ್ವಾ" ಎಂದು ಮಿನ್ನೆಸೋಟಕ್ಕೆ ಅನುಮತಿ ಕೊಟ್ಟಳು.

ನನಗೆ ಒಬ್ಬನೇ ಆಪ್ತನಾಗಿ ಸಿಕ್ಕಿದ್ದು ಥಾರ್ಸ್ಟೈನ್ ವೆಬ್ಲೆನ್. ಆ ಸೀಮೆಯ ನಾರ್ವೇಜಿಯನ್ ರೈತನ ಮಗ; 1880ರಲ್ಲಿ ಕಾರ್ಲ್‌ಟನ್ನಿನಿಂದ ಪದವಿ ಪಡೆದವನು. ಜನ ಬೇಕಾದ್ದಕ್ಕಲ್ಲದೆ, ಬೇರೆಯವರು ನೋಡಲಿ ಎಂದು ಖರ್ಚು ಮಾಡುವ ಚಟವನ್ನು ಲೋಕಕ್ಕೆ ಎತ್ತಿ ತೋರಿಸಿದ ಅವನ ಪುಸ್ತಕ 1899ರಲ್ಲಿ ಬಂತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಸುತ್ತು ಹಾಕಿದ್ದರೆ ಅವನಿಗೆ ಎರಡನೆಯ ಸಂಪುಟಕ್ಕೆ ಸರಕು ಸಿಗುತ್ತಿತ್ತು. ಅಲ್ಲಿ ನಿಂತ ಕಾರುಗಳ ಹಿಂಗಾಜಿನ ಮೇಲೆ ಮಕ್ಕಳ ವಿಶ್ವವಿದ್ಯಾಲಯಗಳ ಹೆಸರು ಅಂಟಿರುತ್ತವೆ. ಓದುವವರು ಮಕ್ಕಳು, ಹಾರ್ನ್ ಹೊಡೆಯುವವರು ಅಪ್ಪಂದಿರು. ನಾಲ್ಕು ವರ್ಷದ ಶುಲ್ಕ ಕೊಟ್ಟೂ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಯಾರೂ ಗುರುತಿಸದ ಕಾಲೇಜಿಗೆ ಮಗಳನ್ನು ಕಳಿಸಬೇಕಾದರೆ ಎಷ್ಟು ದೊಡ್ಡ ಮನಸ್ಸು ಬೇಕು! ಆ ಮನಸ್ಸು ನನಗಿತ್ತು ಎಂದು ಹೇಳಲಾರೆ. ಮೇ ಒಂದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಏಪ್ರಿಲ್ ಮೂವತ್ತರ ರಾತ್ರಿ ನಾನು ಮಲಗಿದ ಮೇಲೆ ಅವಳು ಗುಂಡಿ ಒತ್ತಿದಳು.

ವೀಸಾ ಸಂದರ್ಶನ ಚೆನ್ನೈಯಲ್ಲಿ. ಫೈಲಿನಲ್ಲಿ ಪಹಣಿಯಿಂದ ಹಿಡಿದು ಪೋಲಿಯೋ ಲಸಿಕೆ ಕಾರ್ಡಿನವರೆಗೆ ಜೋಡಿಸಿಕೊಟ್ಟಿದ್ದೆ. ಒಳಗೆ ಹೋದವಳು ಕಾಫಿ ಮುಗಿಯುವುದರೊಳಗೆ ಹೊರಬಂದಳು. ಈ ಕಾಲೇಜೇ ಯಾಕೆ ಎಂದು ಕೇಳಿದರಂತೆ. "ಅಲ್ಲಿ ನನ್ನ ಹೆಸರು ಸರಿಯಾಗಿ ಉಚ್ಚರಿಸೋಕೆ ಪ್ರಯತ್ನ ಮಾಡಿದ್ರು ಅಂದೆ" ಎಂದಳು. ಫೈಲು ಯಾರೂ ತೆರೆಯಲಿಲ್ಲ.

ಹೋದ ಮೇಲೆ ಬಂದ ಫೋನುಗಳಲ್ಲಿ ಮೊದಮೊದಲು ಚಳಿಯದೇ ಮಾತು. ಅಲ್ಲಿ ವರ್ಷಕ್ಕೆ ಮೂರು ಟರ್ಮು, ಒಂದೊಂದೂ ಹತ್ತು ವಾರ. ನೆಗಡಿ ಆಗಲೂ ಪುರುಸೊತ್ತಿಲ್ಲ. ಆಗಿಯೇ ಬಿಟ್ಟಿತು. ಹದಿನೈದು ಹದಿನಾರು ಜನರ ತರಗತಿಗೆ ಒಂದು ದಿನ ಹೋಗಲಿಲ್ಲ. ಮಧ್ಯಾಹ್ನದೊಳಗೆ ಪ್ರೊಫೆಸರರ ಮೇಲ್: ಹುಷಾರಿದ್ದೀಯಾ, ಸೂಪ್ ಬೇಕಾ? ಊಟದ ಮನೆಗೆ ಹೋದರೆ ಬಡಿಸುವ ಹೆಂಗಸು, ಬೆಳಗ್ಗೆ ಕಾಣಲಿಲ್ಲವಲ್ಲ ಎಂದಳಂತೆ. "ಅಪ್ಪ, ಇಲ್ಲಿ ಯಾರಿಗೂ ಗೊತ್ತಾಗದ ಹಾಗೆ ಒಂದು ಸೀನು ಸೀನೋಕಾಗಲ್ಲ" ಎಂದು ಗೊಣಗಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಸಾಗರದ ಬಸ್ ಸ್ಟ್ಯಾಂಡು ನನಗೆ ಕೊಟ್ಟ ಕಾಟವನ್ನು ಯಾರಾದರೂ ನನ್ನ ಪರವಾಗಿ ಮುಂದಿನ ತಲೆಮಾರಿಗೆ ದಾಟಿಸಬೇಕಿತ್ತು.

ವಿಷಯ ಆರಿಸುವ ಕಾಲ ಬಂದಾಗ ಅವಳು ಕಂಪ್ಯೂಟರನ್ನೂ ಬಿಟ್ಟಳು, ಭಾಷಾಶಾಸ್ತ್ರವನ್ನೂ ಬಿಟ್ಟಳು, ಭೂವಿಜ್ಞಾನ ಹಿಡಿದಳು. ಅಂಟಾರ್ಕ್ಟಿಕಾಕ್ಕೆ ಅಡ್ಮಿರಲ್ ಬರ್ಡ್‌ನ ಜೊತೆ ಹೋಗಿಬಂದ ಲಾರೆನ್ಸ್ ಗೌಲ್ಡ್ ಎಂಬ ಭೂವಿಜ್ಞಾನಿ 1930ರ ದಶಕದಲ್ಲಿ ಅಲ್ಲಿ ಬೇರೂರಿಸಿದ ವಿಭಾಗವದು. ಆಮೇಲೆ ಅವರೇ ಕಾಲೇಜಿನ ಅಧ್ಯಕ್ಷರೂ ಆದರು. ಭಾವನವರಿಗೆ ಇದನ್ನು ಹೇಳುವ ಧೈರ್ಯ ಬರದೆ ಅಕ್ಕನಿಗೆ ಹೇಳಿದೆ. "ಕಲ್ಲು ನೋಡೋಕೆ ಅಮೆರಿಕಕ್ಕೆ ಹೋದ್ಲಾ?" ಎಂದು ಭಾವ ಹಿಂದಿನಿಂದ ಕೇಳಿದ್ದು ಫೋನಿನಲ್ಲಿ ಕೇಳಿಸಿತು. "ರಾಮಾನುಜನ್ ಇದ್ದ ಕಾಲೇಜಿನಲ್ಲಿ ಕಲ್ಲಾ?"

ನವೆಂಬರ್ ಕೊನೆಯಿಂದ ಹೊಸವರ್ಷದವರೆಗೆ ಅಲ್ಲಿ ಉದ್ದನೆಯ ರಜೆ. ಬಂದವಳು ಬೆಂಗಳೂರಿನಲ್ಲಿ ನಿಲ್ಲದೆ ಸೀದಾ ಊರಿಗೆ ಹೊರಟಳು. ಅವಳಿಗೆ ಬೇಕಾದದ್ದು ಜಂಬಿಟ್ಟಿಗೆ, ಲ್ಯಾಟರೈಟ್. ಎರಡು ಶತಮಾನದ ಹಿಂದೆ ಮಲಬಾರಿನಿಂದ ಹಿಡಿದು ನಮ್ಮ ಇಕ್ಕೇರಿ, ಬಿದನೂರುಗಳವರೆಗೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಆ ಕಲ್ಲನ್ನು ಲೋಕದ ವಿಜ್ಞಾನಿಗಳಿಗೆ ಪರಿಚಯಿಸಿದವನಂತೆ. ನಾನು ಆ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟೇ ಹೈಸ್ಕೂಲು ಮುಗಿಸಿದವನು, ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದೊಳಕ್ಕೆ ಮಣ್ಣು ಒಯ್ಯುವಂತಿಲ್ಲ, ಮಣ್ಣಿಲ್ಲದಂತೆ ತೊಳೆದ ಕಲ್ಲಾದರೆ ಒಯ್ಯಬಹುದು ಎಂದು ಹಳೇ ಟೂತ್‌ಬ್ರಷ್ ಹಿಡಿದು ಕೊಟ್ಟಿಗೆಯ ಹಿಂದೆ ಕೂತಳು. ಬಿದ್ದುಹೋದ ಗೋಡೆಯ ಮೂಲೆಯಿಂದ ಒಳ್ಳೆಯ ಎರಡು ತುಂಡು ಆರಿಸಿ, "ದೊಡ್ಡಪ್ಪ, ಇದನ್ನ ತಗೊಂಡು ಹೋಗ್ಲಾ?" ಎಂದಳು.

ಅಣ್ಣ ಕವಳದ ಬಾಯಿ ಎತ್ತಿ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಇಡೀ ಗೋಡೆ ತಗಂಡು ಹೋಗು ಮಾರಾಯ್ತಿ, ನಂದೇನಿಲ್ಲ. ಆದ್ರೆ ಅದು ಯಾರ ಪಾಲಿಗೆ ಬರ್ತದೆ ಅಂತ ನನ್ನ ಕೇಳಬೇಡ. ನಿನ್ನ ಕಾಲೇಜಿನವರನ್ನೇ ಕೇಳು. ಅಪ್ಪನ ಪಹಣಿ ಅವರ ಹತ್ರ ಇದ್ಯಲ್ಲ."